ಕಾವಲಿಯ ಮೇಲೆ ಕರಗದೆ ಕೆಂಪಾಗುವ ಚೀಸ್

ಕಾದ ಕಾವಲಿಯ ಮೇಲೆ ಎರಡು ತುಂಡು ಚೀಸ್ ಇಟ್ಟು ನೋಡಿ. ಒಂದು ಮೊಝರೆಲ್ಲಾ, ಇನ್ನೊಂದು ಹಲ್ಲೂಮಿ. ಎರಡೂ ಬಿಳಿ, ಎರಡೂ ಬೆರಳು ದಪ್ಪ. ಎರಡು ನಿಮಿಷ ಆಗುವಷ್ಟರಲ್ಲಿ ಮೊಝರೆಲ್ಲಾ ಅಂಚು ಕಳೆದುಕೊಂಡು, ಹರಡಿ, ಕಾವಲಿಗೆ ಕಚ್ಚಿಕೊಂಡಿರುತ್ತದೆ. ಹಲ್ಲೂಮಿ ಇಟ್ಟ ಜಾಗದಲ್ಲಿ ಇಟ್ಟ ಹಾಗೇ ಇರುತ್ತದೆ. ಮಗುಚಿದರೆ ಅಡಿಭಾಗ ಹೊಂಬಣ್ಣಕ್ಕೆ ತಿರುಗಿ ಗರಿಗರಿ ಪದರ ಕಟ್ಟಿರುತ್ತದೆ.

ಎರಡೂ ಹಾಲಿನಿಂದಲೇ ಆದದ್ದು ಅಲ್ವಾ? ಹಾಗಿದ್ದರೆ ಒಂದು ಕರಗಿ ಇನ್ನೊಂದು ಕರಗದೆ ಉಳಿಯುವುದು ಏಕೆ?

ಗಟ್ಟಿ ಚೀಸ್ ಕರಗುವುದಿಲ್ಲ, ಮೆತ್ತನೆಯದು ಕರಗುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ನಾನೂ ಬಹಳ ಕಾಲ ಹಾಗೇ ಅಂದುಕೊಂಡಿದ್ದೆ. ಅದು ತಪ್ಪು. ಚೆಡ್ಡರ್, ಗ್ರುಯೇರ್ ಎರಡೂ ಗಟ್ಟಿ, ಆದರೆ ಚೆನ್ನಾಗಿ ಕರಗುತ್ತವೆ. ಪನೀರ್ ಹಿಸುಕಿದರೆ ಪುಡಿಯಾಗುವಷ್ಟು ಮೆತ್ತಗೆ, ಆದರೆ ಎಷ್ಟು ಕಾಯಿಸಿದರೂ ಹರಿಯುವುದಿಲ್ಲ. ಚೀಸ್ ಮಾಡುವಾಗ ಆ ಹಾಲಿಗೆ ಏನೇನಾಯಿತು ಅನ್ನುವುದೇ ಇಲ್ಲಿ ಮುಖ್ಯ. ಅದೊಂದು ಗೊತ್ತಾದರೆ, ಹೆಸರೇ ಕೇಳದ ಚೀಸ್ ಎದುರಿಗಿದ್ದರೂ ಕಾವಲಿಗೆ ಹಾಕಬಹುದೋ ಬೇಡವೋ ಅಂತ ನೀವೇ ಊಹಿಸಬಹುದು.

ಬಲೆಯೂ ಅಂಟೂ

ಹಸುವಿನ ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 80 ಭಾಗ ಕೇಸೀನ್. ಅದು ಹಾಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತದೆ. ಉಂಡೆಯ ಒಳಗೆ ಕೇಸೀನಿನ ಎಳೆಗಳನ್ನು ಒಟ್ಟಿಗೆ ಹಿಡಿದಿಟ್ಟಿರುವುದು ಕ್ಯಾಲ್ಸಿಯಂ ಫಾಸ್ಫೇಟ್. ಅದನ್ನು ಸುಮ್ನೆ ಅಂಟು ಅಂತ ಕರೆಯೋಣ. ಉಂಡೆಯ ಹೊರಗೆ ನವಿರಾದ ಕೂದಲಿನಂಥ ಪದರ ಇರುತ್ತದೆ. ಆ ಪದರ ಇರುವುದರಿಂದಲೇ ಒಂದು ಉಂಡೆ ಇನ್ನೊಂದಕ್ಕೆ ಅಂಟಿಕೊಳ್ಳದೆ ಹಾಲು ಹಾಲಾಗಿ ಉಳಿಯುತ್ತದೆ.

ಚೀಸ್ ಮಾಡುವವರು ಹಾಲಿಗೆ ರೆನೆಟ್ ಅನ್ನುವ ಕಿಣ್ವ ಹಾಕುತ್ತಾರೆ. ಅದು ಆ ಕೂದಲನ್ನು ಕತ್ತರಿಸಿಬಿಡುತ್ತದೆ. ಕೂದಲು ಹೋದ ಉಂಡೆಗಳು ಒಂದನ್ನೊಂದು ಹಿಡಿದುಕೊಂಡು ಬಲೆಯಾಗುತ್ತವೆ. ಬಲೆಯ ಕಣ್ಣುಗಳಲ್ಲಿ ಕೊಬ್ಬು, ನೀರು ಎರಡೂ ಸಿಕ್ಕಿಕೊಳ್ಳುತ್ತವೆ. ಚೀಸ್ ಅಂದರೆ ಈ ಬಲೆಯೇ.

ಬಿಸಿ ತಾಗಿದಾಗ ಮೊದಲು ಕರಗುವುದು ಕೊಬ್ಬು. 40 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆಲ್ಲ ಹಾಲಿನ ಕೊಬ್ಬು ಪೂರ್ತಿ ಎಣ್ಣೆಯಂತಾಗಿರುತ್ತದೆ. ಆದರೂ ಚೀಸ್ ಹರಿಯುವುದಿಲ್ಲ. ಬಲೆ ಇನ್ನೂ ಹಿಡಿದುಕೊಂಡಿರುತ್ತದೆ. ಬಿಸಿ ಮತ್ತೂ ಏರಿದಾಗ ಬಲೆಯ ಎಳೆಗಳು ಒಂದರ ಪಕ್ಕ ಒಂದು ಜಾರತೊಡಗಿದರೆ ಚೀಸ್ ಹರಿಯುತ್ತದೆ. ಜಾರದಿದ್ದರೆ ನಿಲ್ಲುತ್ತದೆ. ಚೀಸ್ ಕರಗಿತು ಅಂತ ನಾವು ಹೇಳುವುದು ಈ ಜಾರಾಟವನ್ನು.

ಎಳೆಗಳು ಜಾರುತ್ತವೋ ಇಲ್ಲವೋ ಅನ್ನುವುದು ಬಲೆಯಲ್ಲಿ ಎಷ್ಟು ಅಂಟು ಉಳಿದಿದೆ ಅನ್ನುವುದರ ಮೇಲಿದೆ. ಅಂಟನ್ನು ಕರಗಿಸುವುದು ಹುಳಿ. ಹೆಚ್ಚಿನ ಚೀಸ್‌ಗಳಲ್ಲಿ ರೆನೆಟ್ ಜೊತೆಗೆ ಬ್ಯಾಕ್ಟೀರಿಯಾಗಳನ್ನೂ ಹಾಲಿಗೆ ಸೇರಿಸುತ್ತಾರೆ. ಅವು ಹಾಲಿನ ಸಕ್ಕರೆಯನ್ನು ತಿಂದು ಹುಳಿ ಮಾಡುತ್ತವೆ. ಹುಳಿ ಹೆಚ್ಚಿದಂತೆ ಕ್ಯಾಲ್ಸಿಯಂ ಕರಗಿ, ಹಾಲು ಒಡೆದಾಗ ಬೇರೆಯಾಗುವ ನೀರಿನ ಜೊತೆ ಹೊರಟುಹೋಗುತ್ತದೆ. ಈ ನೀರಿಗೆ ಹಾಲೊಡಕು ಅಂತ ಹೆಸರು.

ಹುಳಿಯನ್ನು ಪಿಎಚ್ ಅನ್ನುವ ಅಂಕಿಯಲ್ಲಿ ಅಳೆಯುತ್ತಾರೆ. ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಹಾಲಿನದು ಸುಮಾರು 6.6. ಮೊಝರೆಲ್ಲಾ ಮಾಡುವವರು ಅದು 5.2ರ ಆಸುಪಾಸಿಗೆ ಇಳಿಯುವ ತನಕ ಕಾಯುತ್ತಾರೆ. ಅಲ್ಲಿ ಅಂಟು ಬೇಕಾದಷ್ಟೇ ಉಳಿದಿರುತ್ತದೆ. ಎಳೆಗಳು ಬಿಟ್ಟೂ ಹೋಗುವುದಿಲ್ಲ, ಬಿಗಿಯಾಗಿಯೂ ಇರುವುದಿಲ್ಲ. ಅದಕ್ಕೇ ಮೊಝರೆಲ್ಲಾ ಎಳೆ ಎಳೆಯಾಗಿ ಬರುತ್ತದೆ.

ಆ ಹದದಿಂದ ಮೇಲಕ್ಕೆ ಹೋದರೂ ಚೀಸ್ ಕರಗುವುದಿಲ್ಲ, ಕೆಳಕ್ಕೆ ಹೋದರೂ ಕರಗುವುದಿಲ್ಲ. ಹುಳಿ ಬರಲು ಬಿಡದೇ ಇದ್ದರೆ ಅಂಟೆಲ್ಲ ಹಾಗೇ ಉಳಿದು ಬಲೆ ಬಿಗಿಯಾಗಿರುತ್ತದೆ. ಹಲ್ಲೂಮಿ ಈ ಕಡೆಯದು. ಹುಳಿ ತೀರಾ ಜಾಸ್ತಿಯಾಗಿ ಪಿಎಚ್ 4.6ರ ಹತ್ತಿರ ಬಂದರೆ ಅಂಟು ಹೆಚ್ಚುಕಡಿಮೆ ಪೂರ್ತಿ ಹೋಗಿರುತ್ತದೆ. ಆದರೆ ಅಷ್ಟು ಹುಳಿಯಲ್ಲಿ ಕೇಸೀನ್ ಎಳೆಗಳು ಒಂದನ್ನೊಂದು ದೂರ ತಳ್ಳುವ ಗುಣವನ್ನೇ ಕಳೆದುಕೊಂಡು ಮುದ್ದೆಗಟ್ಟುತ್ತವೆ. ಫೆಟಾ, ಆಡಿನ ಹಾಲಿನ ಮೆತ್ತನೆಯ ತಾಜಾ ಚೀಸ್ ಇವೆಲ್ಲ ಈ ಕಡೆಯವು. ಬಿಸಿಗೆ ಮೆತ್ತಗಾಗುತ್ತವೆ, ಉದುರುತ್ತವೆ, ಹರಿಯುವುದಿಲ್ಲ.

ಪನೀರಿನದು ಬೇರೆಯೇ ದಾರಿ. ಅಲ್ಲಿ ಹಾಲನ್ನು ಮೊದಲು ಕುದಿಯ ಹತ್ತಿರಕ್ಕೆ ಕಾಯಿಸುತ್ತಾರೆ. ಹಾಲಿನಲ್ಲಿ ಕೇಸೀನ್ ಬಿಟ್ಟು ಉಳಿದ ಪ್ರೋಟೀನುಗಳು ಸಾಮಾನ್ಯವಾಗಿ ಹಾಲೊಡಕಿನ ಜೊತೆ ಹೋಗಿಬಿಡುವಂಥವು. 70 ಡಿಗ್ರಿ ದಾಟಿದ ಮೇಲೆ ಅವು ಬಿಚ್ಚಿಕೊಂಡು ಕೇಸೀನಿಗೆ ಮೆತ್ತಿಕೊಳ್ಳುತ್ತವೆ. ಆಮೇಲೆ ನಿಂಬೆರಸವೋ ವಿನೆಗರೋ ಬಿದ್ದಾಗ ಎಲ್ಲವೂ ಒಟ್ಟಿಗೆ ಗಟ್ಟಿಯಾಗುತ್ತದೆ. ಬೇಯಿಸಿದ ಮೊಟ್ಟೆಯ ಬಿಳಿ ಎಷ್ಟು ಬಿಸಿ ಮಾಡಿದರೂ ಮತ್ತೆ ನೀರಾಗುವುದಿಲ್ಲ ಅಲ್ವಾ? ಇದೂ ಹಾಗೇ.

ಹಲ್ಲೂಮಿಯ ಕಥೆ

ಕಾವಲಿಗೆ ಹೇಳಿಮಾಡಿಸಿದ ಚೀಸ್ ಯಾವುದು ಅಂದರೆ ನಾನು ಯೋಚಿಸದೆ ಹಲ್ಲೂಮಿ ಅನ್ನುತ್ತೇನೆ. ಅದು ಸೈಪ್ರಸ್ ದ್ವೀಪದ್ದು. ಅಲ್ಲಿನ ಗ್ರೀಕ್ ಮಾತಾಡುವವರು ಹಲ್ಲೂಮಿ ಅಂದರೆ, ಟರ್ಕಿಶ್ ಮಾತಾಡುವವರು ಹೆಲ್ಲಿಮ್ ಅನ್ನುತ್ತಾರೆ. ಮೊದಲಿನಿಂದಲೂ ಕುರಿ, ಆಡಿನ ಹಾಲಿನಿಂದ ಮಾಡುತ್ತ ಬಂದಿದ್ದಾರೆ. ಈಗ ಹಸುವಿನ ಹಾಲೂ ಸೇರುತ್ತದೆ.

ಮಾಡುವ ಬಗೆ ಗೊತ್ತಾದರೆ ಅದು ಏಕೆ ಕರಗುವುದಿಲ್ಲ ಅನ್ನುವುದೂ ಗೊತ್ತಾಗುತ್ತದೆ. ಹಾಲಿಗೆ ರೆನೆಟ್ ಹಾಕಿ ಹೆಪ್ಪುಗಟ್ಟಿಸುತ್ತಾರೆ. ಹುಳಿ ಬರಿಸುವ ಬ್ಯಾಕ್ಟೀರಿಯಾ ಹಾಕುವ ರೂಢಿ ಇಲ್ಲ. ಗಟ್ಟಿಯಾದದ್ದನ್ನು ಒತ್ತಿ ನೀರು ತೆಗೆಯುತ್ತಾರೆ. ಉಳಿದ ಹಾಲೊಡಕನ್ನು ಕಾಯಿಸಿದಾಗ ಮೇಲೆ ತೇಲುವ ಮೃದುವಾದ ಭಾಗವನ್ನು ಬೇರೆ ತೆಗೆದಿಡುತ್ತಾರೆ. ಅದು ಅನಾರಿ ಅನ್ನುವ ಇನ್ನೊಂದು ಚೀಸ್. ಆಮೇಲೆ ಒತ್ತಿದ ತುಂಡುಗಳನ್ನು ಅದೇ ಹಾಲೊಡಕಿಗೆ ಹಾಕಿ, 90 ಡಿಗ್ರಿಗೂ ಮೇಲಿನ ಬಿಸಿಯಲ್ಲಿ ಅರ್ಧ ಗಂಟೆಯಾದರೂ ಬೇಯಿಸುತ್ತಾರೆ. ತೆಗೆದು, ಉಪ್ಪು ಸವರಿ, ಪುದೀನಾ ಎಲೆ ಇಟ್ಟು, ಬಿಸಿ ಇರುವಾಗಲೇ ಮಡಚುತ್ತಾರೆ. ಕೊನೆಗೆ ಉಪ್ಪುನೀರಿನಲ್ಲಿ ಮುಳುಗಿಸಿಡುತ್ತಾರೆ.

ಅಂದರೆ ಈ ಚೀಸ್ ನಮ್ಮ ಕೈಗೆ ಬರುವ ಮೊದಲೇ ಒಂದು ಸಲ ಚೆನ್ನಾಗಿ ಬೆಂದಿದೆ. ಬಲೆಯಲ್ಲಿ ಅಂಟು ತುಂಬಿದೆ. ಬಿಸಿಗೆ ಎಷ್ಟು ಬಿಗಿಯಾಗಬೇಕೋ ಅಷ್ಟು ಆಗಿದೆ. ಕಾವಲಿಯ ಬಿಸಿ ಅದಕ್ಕೆ ಹೊಸದಲ್ಲ.

ಕಚ್ಚಿದಾಗ ಹಲ್ಲಿನ ನಡುವೆ ಕೀಚ್ ಕೀಚ್ ಅನ್ನುವುದೂ ಇದೇ ಕಾರಣಕ್ಕೆ. ಹುಳಿ ಮುಟ್ಟದ, ಮುರಿಯದ ಪ್ರೋಟೀನ್ ಬಲೆ ಹಲ್ಲಿಗೆ ಉಜ್ಜಿದಾಗ ಆ ಸದ್ದು ಬರುತ್ತದೆ. ಯಾವುದೋ ಅಪರಿಚಿತ ಚೀಸ್ ಹಸಿಯಾಗಿ ತಿಂದಾಗ ಹಾಗೆ ಸದ್ದು ಮಾಡಿದರೆ, ಅದು ಕಾವಲಿಯ ಮೇಲೆ ನಿಲ್ಲುವ ಸಂಭವ ಜಾಸ್ತಿ. ನನಗೆ ಈ ಸೂಚನೆ ತುಂಬ ಉಪಯೋಗಕ್ಕೆ ಬಂದಿದೆ.

2021ರಲ್ಲಿ ಯುರೋಪಿಯನ್ ಒಕ್ಕೂಟ ಹಲ್ಲೂಮಿ ಹೆಸರಿಗೆ ರಕ್ಷಣೆ ಕೊಟ್ಟಿತು. ಅಲ್ಲಿಂದ ಮುಂದೆ ಒಕ್ಕೂಟದ ದೇಶಗಳಲ್ಲಿ ಸೈಪ್ರಸ್‌ನಲ್ಲಿ ನಿಯಮದಂತೆ ಮಾಡಿದ್ದಕ್ಕೆ ಮಾತ್ರ ಆ ಹೆಸರು. ಇದೇ ಬಗೆಯಲ್ಲಿ ಬೇರೆ ಕಡೆ ಮಾಡಿದ್ದನ್ನು ಗ್ರಿಲ್ಲಿಂಗ್ ಚೀಸ್ ಅಂತಲೋ ಫ್ರೈಯಿಂಗ್ ಚೀಸ್ ಅಂತಲೋ ಮಾರುತ್ತಾರೆ. ಹುಡುಕುವಾಗ ಇದು ನೆನಪಿರಲಿ. ಹಲ್ಲೂಮಿ ಅನ್ನುವ ಪದ ಕಾಣದಿದ್ದರೆ ನಿರಾಸೆ ಬೇಡ. ಅದರ ಪಕ್ಕದಲ್ಲೇ ಬೇರೆ ಹೆಸರಿನಲ್ಲಿ ಅದರ ಬಂಧು ಕೂತಿರಬಹುದು.

ದೂರದೂರದ ಬಂಧುಗಳು

ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಜನ ಬೇರೆ ಬೇರೆ ಕಡೆ ಇದೇ ಗುಟ್ಟನ್ನು ಕಂಡುಕೊಂಡಿದ್ದಾರೆ. ನನಗೆ ಇದು ಈ ವಿಷಯದ ಅತ್ಯಂತ ಚಂದದ ಭಾಗ.

ಫಿನ್ಲೆಂಡಿನ ಲೇಪಯೂಸ್ತೊ ತಗೊಳ್ಳಿ. ಹೆಸರಿನ ಅರ್ಥ ಬ್ರೆಡ್ ಚೀಸ್. ಹಿಂದೆ ಅದನ್ನು ಗಿಣ್ಣು ಹಾಲಿನಿಂದ, ಅಂದರೆ ಈದ ಹಸುವಿನ ಮೊದಲ ದಿನಗಳ ಹಾಲಿನಿಂದ ಮಾಡುತ್ತಿದ್ದರು. ಹೆಪ್ಪುಗಟ್ಟಿದ್ದನ್ನು ಚಪ್ಪಟೆಯಾಗಿ ಒತ್ತಿ ಬೆಂಕಿಯ ಶಾಖಕ್ಕೆ ಹಿಡಿಯುತ್ತಾರೆ, ಇಲ್ಲವೇ ಒಲೆಯೊಳಗೆ ಬೇಯಿಸುತ್ತಾರೆ. ಮೇಲೆಲ್ಲ ಕಂದು ಮಚ್ಚೆಗಳು ಬೀಳುತ್ತವೆ. ಕ್ಲೌಡ್‌ಬೆರಿ ಅನ್ನುವ ಹಳದಿ ಹಣ್ಣಿನ ಜಾಮ್ ಜೊತೆ ತಿನ್ನುತ್ತಾರೆ. ತುಂಡು ಮಾಡಿ ಲೋಟಕ್ಕೆ ಹಾಕಿ, ಮೇಲೆ ಬಿಸಿ ಕಾಫಿ ಸುರಿದುಕೊಳ್ಳುವ ರೂಢಿಯೂ ಇದೆ. ಕಾಫಿಯಲ್ಲಿ ಚೀಸ್ ಮೆತ್ತಗಾಗುತ್ತದೆಯೇ ಹೊರತು ಕರಗುವುದಿಲ್ಲ. ಮಾರಾಟಕ್ಕೆ ಬರುವುದು ಮೊದಲೇ ಬೆಂದಿರುವುದರಿಂದ, ಎಣ್ಣೆಯಿಲ್ಲದ ಕಾವಲಿಯಲ್ಲಿ ಸುಮ್ನೆ ಬಿಸಿ ಮಾಡಿದರೆ ಸಾಕು. ಮೊದಲ ಸಲ ಪ್ರಯತ್ನಿಸುವವರಿಗೆ ಇದರಷ್ಟು ಸುಲಭದ್ದು ಇನ್ನೊಂದಿಲ್ಲ.

ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಕೇಜು ಕೊಆಲ್ಯು ಇದೆ. ಕಡ್ಡಿಗೆ ಚುಚ್ಚಿದ ಉದ್ದನೆಯ ತುಂಡುಗಳನ್ನು ಸಮುದ್ರದ ದಂಡೆಯಲ್ಲಿ, ಕೈಯಲ್ಲೇ ಹಿಡಿದು ತಿರುಗುವ ಪುಟ್ಟ ಇದ್ದಿಲ ಒಲೆಯ ಮೇಲೆ ಸುಟ್ಟುಕೊಡುತ್ತಾರೆ. ಸ್ಪ್ಯಾನಿಷ್ ಮಾತಾಡುವ ಅಮೆರಿಕದ ದೇಶಗಳಲ್ಲಿ ಕೆಸೊ ಪಾರಾ ಫ್ರೇಯಿರ್ ಸಿಗುತ್ತದೆ. ಹೆಸರಿನ ಅರ್ಥವೇ ಹುರಿಯಲಿಕ್ಕಿರುವ ಚೀಸ್. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಅದನ್ನು ಹುರಿದು, ಬೇಯಿಸಿ ಮಸೆದ ಬಾಳೆಕಾಯಿ ಮತ್ತು ಮೊಟ್ಟೆಯ ಜೊತೆ ಬೆಳಗ್ಗೆ ತಿನ್ನುತ್ತಾರೆ. ಇಲ್ಲೊಂದು ಎಚ್ಚರಿಕೆ. ಕೆಸೊ ಫ್ರೆಸ್ಕೊ ಅನ್ನುವ ಹೆಸರಿನ ಅರ್ಥ ತಾಜಾ ಚೀಸ್ ಅಂತ ಅಷ್ಟೇ. ಅದರಲ್ಲಿ ಹುರಿಯಬಹುದಾದದ್ದೂ ಇದೆ, ಪುಡಿಪುಡಿಯಾಗಿ ಉದುರುವುದೂ ಇದೆ.

ಪ್ಯಾಲೆಸ್ಟೈನಿನ ನಬ್ಲುಸ್ ಊರಿನ ನಬುಲ್ಸಿ ಚೀಸ್ ಉಪ್ಪುನೀರಿನಲ್ಲಿ ಕುದಿಸಿದ್ದು. ಉಪ್ಪು ಬಹಳ. ಗಂಟೆಗಟ್ಟಲೆ ನೀರಿನಲ್ಲಿ ನೆನೆಸಿದ ಮೇಲೆಯೇ ಹುರಿಯಬೇಕು. ಚೀನಾದ ಯುನ್ನಾನ್ ಪ್ರಾಂತ್ಯದ ಬಾಯ್ ಜನ ಆಡಿನ ಹಾಲಿನಿಂದ ರೂಬಿಂಗ್ ಮಾಡುತ್ತಾರೆ. ಅದು ಬಿಸಿ ಹಾಲಿಗೆ ಹುಳಿ ಹಾಕಿ ಮಾಡುವಂಥದ್ದು, ಅಂದರೆ ಪನೀರಿನ ದಾರಿಯದು. ಹುರಿದು ಉಪ್ಪು ಇಲ್ಲವೇ ಖಾರದ ಪುಡಿಯಲ್ಲಿ ಅದ್ದಿ ತಿನ್ನುತ್ತಾರೆ.

ಪಶ್ಚಿಮ ಆಫ್ರಿಕಾದ ಬೆನಿನ್ ಮತ್ತು ಅದರ ನೆರೆಯ ದೇಶಗಳ ಫುಲಾನಿ ಜನರ ವಾಗಾಸಿಯನ್ನು ಬಿಡುವ ಹಾಗೇ ಇಲ್ಲ. ಅವರು ಹಾಲು ಹೆಪ್ಪುಗಟ್ಟಿಸಲು ಬಳಸುವುದು ಎಕ್ಕದ ಜಾತಿಯ ಗಿಡದ ರಸ. ನಾವೆಲ್ಲ ನೋಡಿರುವ ಗಿಡ. ಅದರಲ್ಲಿರುವ ಕಿಣ್ವ ರೆನೆಟ್ ಮಾಡುವ ಕೆಲಸವನ್ನೇ ಮಾಡುತ್ತದೆ. ಇದನ್ನು ಓದಿ ದಯವಿಟ್ಟು ಮನೆಯಲ್ಲಿ ಪ್ರಯೋಗಕ್ಕೆ ಇಳಿಯಬೇಡಿ. ಎಕ್ಕದ ಹಾಲು ವಿಷ, ಕಣ್ಣಿಗೆ ತಾಗಿದರೂ ಅಪಾಯ. ತಲೆಮಾರುಗಳಿಂದ ಅಳತೆ ಬಲ್ಲವರ ಕೈಯಲ್ಲಿ ಮಾತ್ರ ಅದು ಸರಿ. ಇಂಡೋನೇಷ್ಯಾದ ಸುಲವೇಸಿ ದ್ವೀಪದಲ್ಲಿ ಇದೇ ಕೆಲಸಕ್ಕೆ ಪರಂಗಿಕಾಯಿಯ ಹಾಲು ಬಳಸಿ ಡಾಂಗ್ಕೆ ಅನ್ನುವ ಚೀಸ್ ಮಾಡುತ್ತಾರೆ.

ಪೊಟ್ಟಣ ಹಿಡಿದು ನಿಂತಾಗ

ಅಂಗಡಿಯಲ್ಲಿ ಹೆಸರು ನೋಡಿ ಗೊಂದಲವಾದರೆ ಪದಾರ್ಥಗಳ ಪಟ್ಟಿ ಓದಿ. ಹಾಲು, ಉಪ್ಪು, ರೆನೆಟ್ ಇಷ್ಟೇ ಇದ್ದರೆ ಒಳ್ಳೆಯ ಲಕ್ಷಣ. ಕಲ್ಚರ್ ಅಂತ ಬರೆದಿದ್ದರೆ ಬ್ಯಾಕ್ಟೀರಿಯಾ ಸೇರಿದೆ, ಹುಳಿ ಬಂದಿದೆ ಅಂತ ಅರ್ಥ. ಅದು ಕರಗುವ ಸಂಭವ ಜಾಸ್ತಿ. ಫೆಟಾದಂಥ ತುಂಬ ಹುಳಿಯ ಚೀಸ್ ಈ ಮಾತಿಗೆ ಹೊರತು. ಹಾಲು ಮತ್ತು ನಿಂಬೆರಸ, ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ಮಾತ್ರ ಇದ್ದು ರೆನೆಟ್ ಇಲ್ಲದಿದ್ದರೆ ಅದು ಹೆಚ್ಚಾಗಿ ಪನೀರಿನ ಬಳಗ.

ಸಸ್ಯಾಹಾರಿಗಳು ರೆನೆಟ್ ಯಾವುದು ಅಂತ ನೋಡಲೇಬೇಕು. ಹಳೆಯ ಪದ್ಧತಿಯ ರೆನೆಟ್ ಕರುವಿನ ಹೊಟ್ಟೆಯಿಂದ ತೆಗೆದದ್ದು. ಸೂಕ್ಷ್ಮಜೀವಿಗಳಿಂದ ಪಡೆದದ್ದಾದರೆ ಮೈಕ್ರೋಬಿಯಲ್ ಅಂತ ಬರೆದಿರುತ್ತಾರೆ.

ಪೊಟ್ಟಣದ ಮೇಲಿಂದಲೇ ಬೆರಳಿನಿಂದ ಒತ್ತಿ ನೋಡಿ. ಒತ್ತಿದ್ದು ತಿರುಗಿ ಉಬ್ಬಬೇಕು. ಬೆರಳಿನ ಗುಳಿ ಹಾಗೇ ಉಳಿದರೆ, ಇಲ್ಲವೇ ಒಳಗೆ ಬಿರುಕು ಬಿಟ್ಟರೆ ಅದು ಕಾವಲಿಯಲ್ಲಿ ಒಡೆಯುತ್ತದೆ. ಕೊಬ್ಬು ಕಡಿಮೆ ಮಾಡಿದ ಹಲ್ಲೂಮಿ ನನಗೆ ಒಪ್ಪಿಗೆಯಾಗಲಿಲ್ಲ. ಕೊಬ್ಬು ಬಲೆಯ ನಡುವೆ ಇದ್ದುಕೊಂಡು ಅದನ್ನು ಮೃದುವಾಗಿ ಇಡುತ್ತದೆ. ಅದನ್ನು ತೆಗೆದರೆ ಉಳಿಯುವುದು ರಬ್ಬರು.

ಮನೆಗೆ ತಂದ ಮೇಲೂ ಅನುಮಾನ ಇದ್ದರೆ ಉಗುರಿನಷ್ಟು ತುಂಡನ್ನು ಒಣ ಕಾವಲಿಯ ಮೇಲೆ ಒಂದು ನಿಮಿಷ ಇಡಿ. ಅಂಚು ಚೂಪಾಗೇ ಇದ್ದರೆ ಉಳಿದದ್ದನ್ನೂ ಹಾಕಬಹುದು. ಅಂಚು ದುಂಡಗಾಗಿ ಕುಸಿದರೆ ಬೇರೆ ಉಪಾಯ ಬೇಕು. ಅದನ್ನು ಮುಂದೆ ಹೇಳುತ್ತೇನೆ.

ಕಾವಲಿಯ ಕೆಲಸ

ಹಲ್ಲೂಮಿಯನ್ನು ಉಪ್ಪುನೀರಿನಿಂದ ತೆಗೆದು, ಉಪ್ಪು ಜಾಸ್ತಿ ಅನ್ನಿಸಿದರೆ ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಸಿಡಿ. ತುಂಡಿನಲ್ಲಿ ಮಡಚಿದ ಗೆರೆ ಕಾಣುತ್ತದೆ. ಅಲ್ಲಿ ಅದು ಬೇಗ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಆ ಗೆರೆಗುಂಟ ಮೊದಲೇ ಎರಡು ಮಾಡಿ, ಆಮೇಲೆ ಹೋಳು ಮಾಡುವುದು ಒಳ್ಳೆಯದು. ದಪ್ಪ ಒಂದು ಸೆಂಟಿಮೀಟರ್ ಇರಲಿ. ತೆಳ್ಳಗಾದರೆ ಒಳಗಿನ ಮೃದುತ್ವ ಉಳಿಯುವುದಿಲ್ಲ. ತೀರಾ ದಪ್ಪವಾದರೆ ಹೊರಗೆ ಕೆಂಪಾದರೂ ಒಳಗೆ ತಣ್ಣಗಿರುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಕೆಲಸ. ಹೋಳುಗಳನ್ನು ಬಟ್ಟೆಯಲ್ಲೋ ಕಾಗದದಲ್ಲೋ ಚೆನ್ನಾಗಿ ಒತ್ತಿ ಒರೆಸಿ. ಇದನ್ನು ಬಿಡಬೇಡಿ. ನೀರು 100 ಡಿಗ್ರಿಗಿಂತ ಮೇಲೆ ಹೋಗುವುದಿಲ್ಲ. ಮೇಲ್ಮೈಯಲ್ಲಿ ನೀರು ಇರುವ ತನಕ ಅಲ್ಲಿನ ಬಿಸಿಯೂ ಅಷ್ಟರಲ್ಲೇ ನಿಲ್ಲುತ್ತದೆ. ಹೊಂಬಣ್ಣ ಬರುವುದು ಪ್ರೋಟೀನೂ ಹಾಲಿನ ಸಕ್ಕರೆಯೂ ಸೇರಿ ಬದಲಾದಾಗ. ಅದು ಚುರುಕಾಗಲು 140 ಡಿಗ್ರಿಯ ಆಸುಪಾಸಿನ ಬಿಸಿ ಬೇಕು. ಒದ್ದೆ ಚೀಸ್ ಮೊದಲು ಬೇಯುತ್ತದೆ, ಆಮೇಲೆ ಕೆಂಪಾಗುತ್ತದೆ. ಅಷ್ಟು ಹೊತ್ತಿಗೆ ಒಳಗೆ ಒಣಗಿ ಗಟ್ಟಿಯಾಗಿರುತ್ತದೆ.

ಕಾವಲಿ ಚೆನ್ನಾಗಿ ಕಾಯಲಿ. ಅಂಟದ ಪಾತ್ರೆಯಾದರೆ ಎಣ್ಣೆಯೇ ಬೇಡ, ಚೀಸಿನ ಕೊಬ್ಬೇ ಸಾಕು. ಪಳಗಿದ ಕಬ್ಬಿಣದ ಕಾವಲಿಯಾದರೆ ಒಂದು ಚಮಚ ಎಣ್ಣೆ ಸವರಿ. ಉರಿ ಮಧ್ಯಮಕ್ಕಿಂತ ಸ್ವಲ್ಪ ಜಾಸ್ತಿ ಇರಲಿ. ಹೋಳುಗಳ ನಡುವೆ ಜಾಗ ಬಿಡಿ. ಒತ್ತೊತ್ತಾಗಿ ಇಟ್ಟರೆ ಒಂದರ ಆವಿ ಇನ್ನೊಂದನ್ನು ಒದ್ದೆ ಮಾಡುತ್ತದೆ.

ಇಟ್ಟ ಕೂಡಲೇ ಚೀಸ್ ನೀರು ಬಿಡುತ್ತದೆ. ಚುರ್ ಅಂತ ಜೋರಾಗಿ ಸದ್ದು ಬರುತ್ತದೆ. ಆಗ ಮುಟ್ಟಬೇಡಿ. ಆ ನೀರು ಆರಿದಂತೆ ಸದ್ದು ಸಣ್ಣಗಾಗುತ್ತದೆ. ಆಮೇಲಷ್ಟೇ ಬಣ್ಣ ಶುರುವಾಗುತ್ತದೆ. ಸಾಮಾನ್ಯವಾಗಿ ಎರಡು ನಿಮಿಷ, ಕೆಲವೊಮ್ಮೆ ಮೂರು. ಬೇಗ ಮಗುಚಲು ಹೋದರೆ ಕೆಂಪು ಪದರ ಕಾವಲಿಯಲ್ಲೇ ಉಳಿದು ಬಿಳಿ ತುಂಡು ಮಾತ್ರ ಮೇಲೆ ಬರುತ್ತದೆ. ಪದರ ಪೂರ್ತಿ ಕಟ್ಟಿದ ಮೇಲೆ ಚೀಸ್ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಸಟ್ಟುಗ ಅಡಿಗೆ ತೂರಿಸಿದಾಗ ಸಲೀಸಾಗಿ ಹೋದರೆ ಮಗುಚುವ ಹೊತ್ತು ಬಂತು ಅಂತ. ಒಂದೇ ಸಲ ಮಗುಚಿ. ಎರಡನೆಯ ಬದಿಗೆ ಇನ್ನೂ ಕಡಿಮೆ ಸಮಯ ಸಾಕು.

ತಿನ್ನುವವರು ತಟ್ಟೆಯ ಮುಂದೆ ಕೂತ ಮೇಲೆಯೇ ಹುರಿಯಲು ಶುರುಮಾಡಿ. ಹುರಿದ ಚೀಸಿಗೆ ಆಯಸ್ಸು ಐದು ನಿಮಿಷ. ತಣ್ಣಗಾದಂತೆ ಕೊಬ್ಬು ಮತ್ತೆ ಗಟ್ಟಿಯಾಗುತ್ತದೆ, ಬಲೆ ಬಿಗಿಯುತ್ತದೆ, ಅಗಿಯುವುದೇ ಕೆಲಸವಾಗುತ್ತದೆ. ಉಳಿದುಹೋದರೆ ಕಾದ ಕಾವಲಿಯಲ್ಲಿ ಅರ್ಧ ನಿಮಿಷ ಬಿಸಿ ಮಾಡಿ. ಮೊದಲಿನಷ್ಟು ಅಲ್ಲದಿದ್ದರೂ ಮೃದುತ್ವ ತಿರುಗಿ ಬರುತ್ತದೆ. ಜೊತೆಗೆ ಹುಳಿಯೋ ಸಿಹಿಯೋ ಇರಲಿ, ಏಕೆಂದರೆ ಚೀಸಿನಲ್ಲಿ ಉಪ್ಪು ಬೇಕಾದಷ್ಟಿದೆ. ಸೈಪ್ರಸ್‌ನವರು ಬೇಸಿಗೆಯಲ್ಲಿ ಕಲ್ಲಂಗಡಿ ಹಣ್ಣಿನ ಜೊತೆ ತಿನ್ನುತ್ತಾರೆ. ತಣ್ಣನೆಯ ಸಿಹಿ ರಸ, ಬಿಸಿ ಉಪ್ಪಿನ ಚೀಸ್. ಒಂದು ಸಲ ತಿಂದು ನೋಡಿ.

ಪನೀರಿನ ವಿಷಯದಲ್ಲಿ ಕಷ್ಟ ಬೇರೆ. ಅದು ಕರಗುವ ಭಯ ಇಲ್ಲ, ಒಣಗುವ ಭಯ ಇದೆ. ಬಲೆಯಲ್ಲಿರುವ ನೀರು ಆವಿಯಾದಂತೆ ಬಿರುಸಾಗುತ್ತದೆ. ಹಾಗಾಗಿ ಸ್ವಲ್ಪ ಎಣ್ಣೆ ಹಾಕಿ, ಜೋರು ಉರಿಯಲ್ಲಿ, ಎರಡು ಬದಿಗೆ ಬಣ್ಣ ಬಂದ ಕೂಡಲೇ ತೆಗೆದುಬಿಡಿ. ಆರೂ ಬದಿ ಕೆಂಪಾಗಲಿ ಅಂತ ಕಾಯಬೇಡಿ. ತೆಗೆದ ಕೂಡಲೇ ಬಿಸಿಯಾದ ಉಪ್ಪುನೀರಿಗೆ ಹಾಕಿ ಹತ್ತು ನಿಮಿಷ ಬಿಟ್ಟರೆ ಹೋದ ನೀರನ್ನು ತಿರುಗಿ ಹೀರಿಕೊಂಡು ಮೃದುವಾಗುತ್ತದೆ. ಗರಿಗರಿ ಪದರ ಬೇಕು ಅನ್ನುವವರು ಈ ನೀರಿನ ಕೆಲಸ ಬಿಟ್ಟು ಬಿಸಿಬಿಸಿ ತಿನ್ನಬೇಕು. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಹುರಿಯಲಿಕ್ಕೆ ಅಂತಲೇ ಮನೆಯಲ್ಲಿ ಪನೀರ್ ಮಾಡುವುದಾದರೆ ಕೆನೆ ತೆಗೆಯದ ಹಾಲು ತಗೊಳ್ಳಿ. ಒಂದು ಲೀಟರಿಗೆ 150ರಿಂದ 200 ಗ್ರಾಂ ಸಿಗುತ್ತದೆ. ಹಾಲು ಕುದಿ ಬಂದ ಮೇಲೆ ಉರಿ ಆರಿಸಿ, ನಿಂಬೆರಸವನ್ನು ಚಮಚ ಚಮಚವಾಗಿ ಹಾಕುತ್ತ ನಿಧಾನವಾಗಿ ಕದಡಿ. ಹಸಿರು ಛಾಯೆಯ ತಿಳಿ ನೀರು ಬೇರೆಯಾದ ಕೂಡಲೇ ನಿಲ್ಲಿಸಿ. ಅದರ ಮೇಲೆ ಹಾಕಿದ ಪ್ರತಿ ಚಮಚವೂ ಪನೀರನ್ನು ಉದುರುದುರು ಮಾಡುತ್ತದೆ. ಒಡೆದ ಮೇಲೆ ಕುದಿಸುತ್ತ ಇದ್ದರೆ ಬಿರುಸಾಗುತ್ತದೆ. ಬಟ್ಟೆಯಲ್ಲಿ ಕಟ್ಟಿ, ಮೇಲೆ ಎರಡು ಮೂರು ಕಿಲೋ ಭಾರ ಇಟ್ಟು ಒಂದು ಗಂಟೆ ಬಿಡಿ. ಆಮೇಲೆ ಫ್ರಿಜ್‌ನಲ್ಲಿಟ್ಟು ಪೂರ್ತಿ ತಣ್ಣಗಾದ ಮೇಲೆ ಹೋಳು ಮಾಡಿ. ಬಿಸಿ ಇರುವಾಗ ಕೊಯ್ದರೆ ಅಂಚು ಒಡೆಯುತ್ತದೆ, ಒಡೆದ ಅಂಚು ಕಾವಲಿಯಲ್ಲಿ ಬೇಗ ಸುಡುತ್ತದೆ.

ಕರಗುವುದನ್ನೂ ಹುರಿಯಬಹುದು

ಉಗುರಿನಷ್ಟು ತುಂಡು ಕುಸಿದರೆ ಬೇರೆ ಉಪಾಯ ಇದೆ ಅಂದೆನಲ್ಲ, ಅದು ಇದು. ಕರಗುವ ಚೀಸಿನ ಹೊರಗೆ ಬೇರೆ ಏನಾದರೂ ಗೋಡೆ ಕಟ್ಟಬೇಕು, ಒಳಗಿನದು ಹರಿಯುವ ಮೊದಲೇ ಆ ಗೋಡೆ ಗಟ್ಟಿಯಾಗಬೇಕು.

ಗ್ರೀಸಿನ ಸಾಗನಾಕಿ ಈ ಉಪಾಯದ ಸರಳ ರೂಪ. ಎರಡು ಹಿಡಿಯ ಪುಟ್ಟ ಬಾಣಲೆಯ ಹೆಸರೇ ತಿಂಡಿಗೂ ಬಂದಿದೆ. ಕೆಫಲೊತೀರಿ, ಗ್ರವಿಯೇರ, ಕಸ್ಸೇರಿಯಂಥ ಹಣ್ಣಾದ ಚೀಸ್ ಬಳಸುತ್ತಾರೆ. ಅವುಗಳಲ್ಲಿ ನೀರು ಕಡಿಮೆ, ಹಾಗಾಗಿ ತಡವಾಗಿ ಮೆತ್ತಗಾಗುತ್ತವೆ. ಹೋಳನ್ನು ತಣ್ಣೀರಿನಲ್ಲಿ ಅದ್ದಿ, ಮೈದಾದಲ್ಲಿ ಹೊರಳಿಸಿ, ಜಾಸ್ತಿಯಾದದ್ದನ್ನು ಕೊಡವಿ, ಕಾದ ಎಣ್ಣೆಯಲ್ಲಿ ಇಡುತ್ತಾರೆ. ಮೊದಲು ನಾನು ಒರೆಸಿ ಅಂದೆ, ಇಲ್ಲಿ ನೀರಿನಲ್ಲಿ ಅದ್ದಿ ಅನ್ನುತ್ತಿದ್ದೇನೆ. ಕಾರಣ, ಇಲ್ಲಿ ಕೆಂಪಾಗುವುದು ಚೀಸಲ್ಲ, ಮೈದಾ. ಮೈದಾ ಅಂಟಿಕೊಳ್ಳಲು ಆ ನೀರು ಬೇಕು. ಕೊನೆಗೆ ನಿಂಬೆ ಹಿಂಡಿದರೆ ಮುಗಿಯಿತು. ಫೆಟಾವನ್ನೂ ಹೀಗೆಯೇ ಮೈದಾ, ಎಳ್ಳು ಹಚ್ಚಿ ಹುರಿದು ಜೇನು ಸುರಿಯುತ್ತಾರೆ. ಅಲ್ಲಿ ಗೋಡೆ ಬೇಕಾದದ್ದು ಹರಿಯದಿರಲಿ ಅಂತ ಅಲ್ಲ, ಉದುರದಿರಲಿ ಅಂತ.

ಜೆಕ್ ಜನರ ಸ್ಮಾಝೆನಿ ಸೀರ್‌ನಲ್ಲಿ ಗೋಡೆ ಇನ್ನೂ ದಪ್ಪ. ಏಡಮ್ ಚೀಸಿನ ಹೋಳಿಗೆ ಮೈದಾ, ಮೊಟ್ಟೆ, ಬ್ರೆಡ್ ಪುಡಿ ಸುತ್ತಿ ಕರಿಯುತ್ತಾರೆ. ಇದರಲ್ಲಿ ಸೋರಿಕೆಯೇ ದೊಡ್ಡ ತೊಂದರೆ. ಒಂದು ಸಣ್ಣ ತೂತು ಇದ್ದರೂ ಚೀಸ್ ಅಲ್ಲಿಂದ ಎಣ್ಣೆಗೆ ಹಾರಿ, ಎಣ್ಣೆ ಸಿಡಿಯುತ್ತದೆ. ಆದ್ದರಿಂದ ಮೊಟ್ಟೆ ಮತ್ತು ಪುಡಿಯ ಪದರವನ್ನು ಎರಡು ಸಲ ಹಚ್ಚಿ, ಅಂಚು ಮೂಲೆಗಳಲ್ಲಿ ಮುಖ್ಯವಾಗಿ. ಅರ್ಧ ಗಂಟೆಯಿಂದ ಒಂದು ಗಂಟೆ ಫ್ರೀಜರಿನಲ್ಲಿಡಿ. ಎಣ್ಣೆ 180 ಡಿಗ್ರಿ ಇರಲಿ. ಒಳಗೆ ತಣ್ಣಗೆ, ಹೊರಗೆ ಜೋರು ಬಿಸಿ. ಹೀಗಾದರೆ ಚೀಸ್ ಕರಗುವ ಮೊದಲೇ ಪುಡಿ ಗಟ್ಟಿಯಾಗುತ್ತದೆ. ಎಣ್ಣೆ ತಣ್ಣಗಿದ್ದರೆ ಉಲ್ಟಾ. ಮೊಝರೆಲ್ಲಾ ಕಡ್ಡಿಗಳಿಗೂ ಇದೇ ಲೆಕ್ಕ.

ಅರ್ಜೆಂಟೀನಾದ ಪ್ರೊವೊಲೆತಾದಲ್ಲಿ ಮೈದಾವೂ ಇಲ್ಲ, ಪುಡಿಯೂ ಇಲ್ಲ. ಪ್ರೊವೊಲೊನೆ ಬಗೆಯ ಚೀಸಿನ ಎರಡು ಸೆಂಟಿಮೀಟರಿಗೂ ದಪ್ಪನೆಯ ಬಿಲ್ಲೆಯನ್ನು ಮುಚ್ಚದೆ ಕೆಲವು ಗಂಟೆ ಫ್ರಿಜ್‌ನಲ್ಲಿಟ್ಟು ಮೇಲ್ಮೈ ಒಣಗಿಸುತ್ತಾರೆ. ಆ ಒಣ ಸಿಪ್ಪೆಯೇ ಗೋಡೆ. ಒರೆಗಾನೊ, ಒಣಮೆಣಸಿನ ಚೂರು ಉದುರಿಸಿ, ಕೆಂಡದ ಮೇಲೋ ಕಬ್ಬಿಣದ ಬಾಣಲೆಯಲ್ಲೋ ಬೇಗ ಬೇಗ ಎರಡು ಬದಿ ಕೆಂಪು ಮಾಡಿ, ಒಳಗೆ ಕರಗುತ್ತಿರುವಾಗಲೇ ಬ್ರೆಡ್ಡಿನಲ್ಲಿ ತೋಡಿ ತಿನ್ನುತ್ತಾರೆ.

ಗೋಡೆ ಕಟ್ಟದೆ, ಕರಗಲು ಪೂರ್ತಿ ಬಿಟ್ಟುಬಿಡುವ ದಾರಿಯೂ ಒಂದಿದೆ. ಇಟಲಿಯ ಫ್ರಿಯುಲಿ ಪ್ರದೇಶದ ಫ್ರಿಕೊ. ಅಲ್ಲಿ ಮೊಂತಾಜಿಯೊ ಅನ್ನುವ ಚೀಸ್ ಬಳಸುತ್ತಾರೆ. ಪಾರ್ಮಿಜಾನೊ ಕೂಡ ಆಗುತ್ತದೆ. ತುರಿದು, ಒಂದು ಹಿಡಿಯಷ್ಟನ್ನು ಅಂಟದ ಬಾಣಲೆಯಲ್ಲಿ ತೆಳ್ಳಗೆ ಹರಡಿ, ಮಧ್ಯಮ ಉರಿಯಲ್ಲಿಡಿ. ಮೊದಲು ಕರಗಿ ಒಂದಾಗುತ್ತದೆ. ಆಮೇಲೆ ಗುಳ್ಳೆ ಬರುತ್ತದೆ. ಅದು ನೀರು ಹೋಗುತ್ತಿರುವ ಗುರುತು. ಕೊಬ್ಬು ಅಂಚಿನಲ್ಲಿ ಬೇರೆಯಾಗಿ ನಿಲ್ಲುತ್ತದೆ. ಗುಳ್ಳೆ ಕಡಿಮೆಯಾಗಿ ಅಂಚು ಹೊಂಬಣ್ಣಕ್ಕೆ ತಿರುಗಿದಾಗ ಸಟ್ಟುಗದಿಂದ ಎತ್ತಿ, ಕವುಚಿಟ್ಟ ಬಟ್ಟಲಿನ ಮೇಲೆ ಹೊದಿಸಿ. ಎತ್ತುವಾಗ ಬಟ್ಟೆಯಂತೆ ಬಾಗುತ್ತದೆ. ಒಂದು ನಿಮಿಷದಲ್ಲಿ ಬಟ್ಟಲಿನ ಆಕಾರಕ್ಕೇ ಗಟ್ಟಿಯಾಗಿ, ತಟ್ಟಿದರೆ ಟಣ್ ಅನ್ನುತ್ತದೆ. ನೀರು ಹೋದ ಮೇಲೆ ಬಲೆಯ ಎಳೆಗಳಿಗೆ ಜಾರಲು ದಾರಿ ಉಳಿದಿರುವುದಿಲ್ಲ.